ಹೊಟ್ಟೆ ಮುಟ್ಟದೆ ಎರೆದ ಕೂಸು

“ಕೂಸಿನ ಹೊಟ್ಟಿ ಮುಟ್ಟಬಾರದು ಅಂದ್ರ ನಾ ಬಂದು ಮಾಡೂದರ ಏನದರೀ? ನಳದ ಕೆಳಗ ಹಿಡೀರಿ, ತಾನ ಜಳಕ ಆಗ್ತದ.”

ಪುಣೆಯ ಖರಾಡಿಯಲ್ಲಿ ಆ ಮನೆಗೆ ಹೋದ ಮೊದಲ ದಿನ ಚಪ್ಪಲಿ ಬಿಡುವುದಕ್ಕೂ ಮುಂಚೆ ನಾನು ಆಡಿದ ಮಾತು ಇದು. ಆ ಮನೆಯ ಅತ್ತೆಯವರು ಫೋನಿನಲ್ಲಿ “ಸೊಸಿ ಬಾಣಂತಿ ಇದ್ದಾಳ, ಬರ್ರಿ” ಎಂದಷ್ಟೇ ಹೇಳಿದ್ದರು. ಹೊಟ್ಟೆಯ ವಿಷಯ ತೆಗೆದದ್ದು ಲಿಫ್ಟಿನಲ್ಲಿ. ಅದೂ ನಾವಿಬ್ಬರೇ ಇದ್ದರೂ ನನ್ನ ಕಿವಿಯ ಹತ್ತಿರ ಬಾಯಿ ತಂದು.

ನನ್ನ ಕೆಲಸ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಎರೆಯುವುದು, ಬಾಣಂತಿಯ ಅಡುಗೆ ಮಾಡಿಟ್ಟು ಮಧ್ಯಾಹ್ನ ಕಾತ್ರಜದ ಬಸ್ಸು ಹಿಡಿದು ನನ್ನ ಮನೆಗೆ ಹೋಗುವುದು. ಕೂಸಿಗೆ ಎರೆಯುವುದರಲ್ಲಿ ಅರ್ಧ ಕೆಲಸ ಹೊಟ್ಟೆಯದೇ. ಕಾಲು ಚಾಚಿ ಕೂತು, ಮೊಣಕಾಲಿನಿಂದ ಕೆಳಗೆ ಕಾಲಿನ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಹೊಕ್ಕುಳದ ಸುತ್ತ ಗಡಿಯಾರದ ಮುಳ್ಳು ತಿರುಗಿದ ಹಾಗೆ ಅಂಗೈ ಆಡಿಸಬೇಕು. ಆಮೇಲೆ ಕೂಸಿನ ಎರಡೂ ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಬೇಕು. ಗಾಳಿ ಸರಿಯುತ್ತದೆ, ಕೂಸು ನಿದ್ದೆ ಹೋಗುತ್ತದೆ, ಬಾಣಂತಿಯೂ ಕಣ್ಣು ಮುಚ್ಚುತ್ತಾಳೆ. ಹೊಟ್ಟೆ ಬಿಟ್ಟು ಎರೆ ಅಂದರೆ ಹಿಟ್ಟು ಬಿಟ್ಟು ರೊಟ್ಟಿ ಬಡಿ ಅಂದ ಹಾಗೆ.

ಅತ್ತೆ ಗದಗದ ಕಡೆಯವರು. ಸೊಸೆ ಮೈಸೂರಿನವಳು, ಖರಾಡಿಯಲ್ಲೇ ಆಫೀಸು, ಈಗ ರಜೆ. ಮಗನ ಆಫೀಸು ಹಿಂಜವಾಡಿಯಲ್ಲಿ, ಊರಿನ ಆ ತುದಿ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಿತ್ತು. ಈ ಕೂಸಿನ ಡಾಕ್ಟರು ಪುಣೆ ಬಿಟ್ಟು ಕದಲಬೇಡಿ ಎಂದಿದ್ದರಿಂದ ಅತ್ತೆಯ ಮನೆಯಲ್ಲೇ ನಡೆದಿತ್ತು.

“ಏನಾಗೇದ ಅದಕ್ಕ?” ಎಂದು ಅತ್ತೆಯನ್ನು ಕೇಳಿದೆ.

“ಒಳಗಿಂದು ಸ್ವಲ್ಪ ಹಿಂದ್ಮುಂದ ಅದ” ಎಂದರು.

“ಹಿಂದ್ಮುಂದ ಅಂದ್ರ?”

ಅವರು ಸೊಸೆಯ ಮುಖ ನೋಡಿದರು. ಅವಳು ಹೇಳಿದಳು. “ಹೆಟೆರೊಟಾಕ್ಸಿ ಅಂತಾರೆ ಅಜ್ಜಿ. ಒಳಗಡೆ ಎಡ ಯಾವುದು ಬಲ ಯಾವುದು ಅಂತ ಸರಿಯಾಗಿ ಡಿಸೈಡೇ ಆಗಿಲ್ಲ. ಹಾರ್ಟ್ ಬಲಗಡೆ ಇದೆ, ಆದ್ರೆ ಕೆಲಸ ಚೆನ್ನಾಗಿ ಮಾಡ್ತಿದೆ. ಜಠರನೂ ಬಲಗಡೆ. ಲಿವರ್ ಮಧ್ಯದಲ್ಲಿ. ಗುಲ್ಮ, ಸ್ಪ್ಲೀನ್ ಅಂತ ಒಂದಿರುತ್ತೆ, ಅದು ಇವಳಿಗೆ ಚೂರು ಚೂರಾಗಿದೆ. ಕರುಳು ತಿರುಗಬೇಕಾದ ಹಾಗೆ ತಿರುಗಿಲ್ಲ. ಹೊಟ್ಟೇಲಿದ್ದಾಗಲೇ ಸ್ಕ್ಯಾನ್‌ನಲ್ಲಿ ಗೊತ್ತಾಗಿತ್ತು.”

ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಎಷ್ಟು ಜನಕ್ಕೆ ಹೇಳಿದ್ದಳೋ, ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದಳೋ.

ನಾನು ತೊಟ್ಟಿಲಿಗೆ ಬಗ್ಗಿ ನೋಡಿದೆ. ಹೊರಗೆ ಎಲ್ಲ ಇದ್ದಲ್ಲೇ ಇತ್ತು. ಹೆಣ್ಣು ಕೂಸು, ಗೋಧಿ ಬಣ್ಣ, ಮೂಗು ಅಜ್ಜಿಯದು, ಹುಬ್ಬು ಗಂಟಿಕ್ಕುವುದೂ ಅಜ್ಜಿಯ ಹಾಗೇ. ಎದೆಯ ಮೇಲೆ ಎರಡು ಬೆರಳು ಇಟ್ಟೆ. ಎಡಕ್ಕೆ ಸಪ್ಪಗಿತ್ತು. ಬಲಕ್ಕೆ ಸರಿಸಿದೆ. ಅಲ್ಲಿ ಗುಬ್ಬಿಯ ಹಾಗೆ ಪಟಪಟ ಬಡಿಯುತ್ತಿತ್ತು.

ಊರವರ ಅಡುಗೆಮನೆಗಳಲ್ಲಿ ದುಡಿದವಳು ನಾನು. ಒಬ್ಬರ ಮನೆಯಲ್ಲಿ ಉಪ್ಪು ಒಲೆಯ ಪಕ್ಕ, ಇನ್ನೊಬ್ಬರಲ್ಲಿ ಮೇಲಿನ ಹಲಗೆಯ ಮೇಲೆ, ಮತ್ತೊಬ್ಬರಲ್ಲಿ ಫ್ರಿಜ್ಜಿನ ನೆತ್ತಿಯ ಮೇಲೆ. ಬೈದುಕೊಳ್ಳುತ್ತ ಹುಡುಕುತ್ತೇನೆ, ಅಡುಗೆ ಆಗಿಯೇ ಆಗುತ್ತದೆ. “ಏನವ್ವಾ, ಬಂದ ಕೂಡಲೆ ಮನೀ ಸಾಮಾನೆಲ್ಲಾ ನಿನಗ ಬೇಕಾದಂಗ ಇಟಗೊಂಡೀಯಲ್ಲ” ಎಂದೆ ಕೂಸಿಗೆ. ಸೊಸೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಆದರೆ ಅತ್ತೆ ಸೊಸೆಯರ ಬಾಯಿಂದ ಕೇಳಿ ಕೂಸಿಗೆ ಕೈ ಹಚ್ಚುವವಳಲ್ಲ ನಾನು. “ಡಾಕ್ಟರ್ ಬಾಯಿಲೆ ಕೇಳಬೇಕು. ಆಮ್ಯಾಲ ಎರೀತೀನಿ” ಎಂದೆ. ಅವರು ಮುಂದಿನ ತಪಾಸಣೆಗೆ ನನ್ನನ್ನೂ ಕರೆದುಕೊಂಡು ಹೋದರು.

ಡಾಕ್ಟರು ಹೆಂಗಸು, ಮಕ್ಕಳ ಆಪರೇಷನ್ ಮಾಡುವವರು, ಮರಾಠಿಯವರು. “ಆಜೀ, ಪೋಟಾಲಾ ಹಾತ್ ಲಾವಾಯ್ಚಾ ನಾಹೀ” ಎಂದರು. ಹೊಟ್ಟೆಗೆ ಕೈ ಇಲ್ಲ ಅಂದರೆ ಇಲ್ಲ. ಯಾಕೆ ಅಂತ ಕೇಳಿದೆ. ಕೆಲವು ಡಾಕ್ಟರರಿಗೆ ಈ ಪ್ರಶ್ನೆ ಸೇರುವುದಿಲ್ಲ. ಇವರು ಕುರ್ಚಿ ನನ್ನ ಕಡೆ ತಿರುಗಿಸಿಕೊಂಡು ಮರಾಠಿಯಲ್ಲೇ ಕೇಳಿದರು, ಸೀರೆ ಒಣಗಹಾಕುವಾಗ ಹಗ್ಗಕ್ಕೆ ಚಿಮಟಿ, ಅದೇ ಕ್ಲಿಪ್ಪು, ಎಲ್ಲಿ ಹಾಕುತ್ತೀರಿ ಎಂದು.

“ಈ ತುದಿಗೊಂದು, ಆ ತುದಿಗೊಂದು” ಎಂದೆ.

ಎಲ್ಲರ ಕರುಳೂ ಹಾಗೆಯೇ ಬೆನ್ನಿಗೆ ಅಗಲವಾಗಿ ತಗುಲಿಕೊಂಡಿರುತ್ತದಂತೆ. ಇವಳದ್ದು ಎರಡೂ ಚಿಮಟಿ ಒಂದೇ ಕಡೆ ಹಾಕಿದ ಸೀರೆ. ಗಾಳಿ ಇಲ್ಲದಾಗ ಸುಮ್ಮನೆ ಇಳಿಬಿದ್ದಿರುತ್ತದೆ. ಒಂದು ದಿನ ಗಾಳಿ ಬಂದರೆ ತನ್ನನ್ನೇ ತಾನು ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಆಗ ಕರುಳಿಗೆ ರಕ್ತ ನಿಲ್ಲುತ್ತದೆ. ಒತ್ತಿದರೇ ಸುತ್ತಿಕೊಳ್ಳುತ್ತದೆ ಅಂತ ಅಲ್ಲ, ತಾನಾಗಿಯೂ ಸುತ್ತಿಕೊಳ್ಳಬಹುದು, ಸುತ್ತಿಕೊಳ್ಳದೆ ಮುದುಕಿಯಾಗುವವರೆಗೂ ಇರಬಹುದು. ಇಂಥ ಕೂಸುಗಳಿಗೆ ಮೊದಲೇ ಆಪರೇಷನ್ ಮಾಡಬೇಕೋ ಕಾಯಬೇಕೋ ಎನ್ನುವುದರಲ್ಲಿ ಡಾಕ್ಟರರಲ್ಲೇ ಎರಡು ಮಾತಿದೆ, ನಾವು ಕಾಯುತ್ತಿದ್ದೇವೆ ಎಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಡಾಕ್ಟರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆಗಲೇ.

ಕೊನೆಗೆ ಒಂದು ಮಾತು ನಮ್ಮ ಮೂವರಿಗೂ ಹೇಳಿದರು. ವಾಂತಿ ಬಿಳಿ ಇದ್ದರೆ ಒರೆಸಿ ಬಿಡಿ. ಹಸಿರು ಬಂದರೆ ಫೋನ್ ಮಾಡಿ ಕೇಳುತ್ತ ಕೂಡಬೇಡಿ. ಮತ್ತೆ ಹಾಲು ಕುಡಿಸಬೇಡಿ. ಕೂಸನ್ನು ಎತ್ತಿಕೊಂಡು ಹೊರಟು ಬನ್ನಿ.

ಮಾರನೆಯ ದಿನದಿಂದ ಹೊಸ ಬಗೆಯಲ್ಲಿ ಎರೆಯಲು ಶುರು ಮಾಡಿದೆ. ಬಳೆ ತೆಗೆದಿಟ್ಟು, ಉಗುರು ಕತ್ತರಿಸಿ, ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುವುದು. ಗುಲ್ಮ ಚೂರಾದ ಕೂಸಿಗೆ ಜ್ವರ ಬೇಗ ತಗಲುತ್ತದಂತೆ, ಅದಕ್ಕೆ ದಿನಾ ಒಂದು ಔಷಧವೂ ಇತ್ತು. ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಹಿಡಿಯುವುದು ಬಂದ್. ಕಾಲು ಹಿಡಿದು ತಲೆಕೆಳಗೆ ಮಾಡುವುದು ಬಂದ್. ಕೈಕಾಲು, ಬೆನ್ನು, ಅಂಗಾಲು, ಎಷ್ಟು ಬೇಕಾದರೂ ತಿಕ್ಕಬಹುದು. ನೆತ್ತಿಗೆ ಎಣ್ಣೆ ಬರೀ ಸವರಬಹುದು.

ತಲೆಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ. ತೊಡೆ ತಿಕ್ಕಿ ಮುಗಿಸಿದ ಕೂಡಲೆ ಅಂಗೈ ತಾನಾಗಿ ಹೊಕ್ಕುಳದ ಕಡೆ ಹೊರಡುತ್ತಿತ್ತು, ಮನೆಯ ದಾರಿ ಹಿಡಿದ ಎಮ್ಮೆಯ ಹಾಗೆ. ಒಂದೆರಡು ಸಲ ಸೊಸೆ “ಅಜ್ಜೀ!” ಎಂದು ಕೂಗಿದಳು. ಆಮೇಲೆ ನಾನು ಒಂದು ಉಪಾಯ ಮಾಡಿದೆ. ಹಳೆಯ ಮಲ್ಲಿನ ಧೋತರದ ತುಂಡನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಕೂಸಿನ ಹೊಟ್ಟೆಯ ಮೇಲೆ ಹಾಸಿಬಿಡುವುದು. ಕೈ ಅಲ್ಲಿಗೆ ಹೋದರೆ ಬಟ್ಟೆ ತಗಲುತ್ತದೆ, ಕೈ ನಿಲ್ಲುತ್ತದೆ. ಹೊಟ್ಟೆಗೂ ಬೆಚ್ಚಗೆ. ಕೂಸಿಗೆ ಅದು ಎಷ್ಟು ಹಿಡಿಸಿತೆಂದರೆ ಬಟ್ಟೆ ಹಾಸಿದ ಕೂಡಲೆ ಬಾಯಿ ಬಿಟ್ಟುಕೊಂಡು ಸೂರು ನೋಡುತ್ತ ಮಲಗುತ್ತಿತ್ತು.

ತೇಗು ಬರಿಸುವುದರಲ್ಲೂ ಇವಳದು ಬೇರೆಯೇ ಪದ್ಧತಿ. ಎಡ ಹೆಗಲ ಮೇಲೆ ಹಾಕಿಕೊಂಡು ಬೆನ್ನು ಸವರಿದರೆ ಏನೂ ಇಲ್ಲ. ಬಲ ಹೆಗಲಿಗೆ ಬದಲಿಸಿದರೆ ಗಂಡಸಿನ ಹಾಗೆ ತೇಗುತ್ತಿದ್ದಳು. ಇದು ನನ್ನ ಭ್ರಮೆ ಇರಬಹುದು. ಅವಳ ತೇಗಂತೂ ಭ್ರಮೆಯಲ್ಲ.

ಅತ್ತೆಗೆ ಇದ್ದ ಚಿಂತೆ ಬೇರೆ. ಕೂಸು ನೋಡಲು ಬಂದವರ ಮುಂದೆ ಅಂಗಿ ಬಿಚ್ಚಲು ಬಿಡುತ್ತಿರಲಿಲ್ಲ, ಯಾರಾದರೂ ಎದೆಗೆ ಒತ್ತಿಕೊಂಡರೆ ಮೈಯೆಲ್ಲ ಕಣ್ಣಾಗಿ ನಿಲ್ಲುತ್ತಿದ್ದರು. ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, “ನೀವು ನಾಕು ಮನಿ ಓಡಾಡವರು. ಯಾರ ಮುಂದನೂ ಅನಬ್ಯಾಡ್ರಿ. ನಾಳೆ ಹುಡುಗಿ ನೋಡಾಕ ಬರವರಿಗೆ ಗೊತ್ತಾದ್ರ ಹೆಂಗ?” ಎಂದರು.

“ಹುಡುಗಿ ನೋಡಾಕ ಬಂದವರು ಹೊಟ್ಟಿ ಕೊಯ್ದು ನೋಡ್ತಾರೇನ್ರಿ?”

“ನಿಮಗೇನ್ ಬಿಡ್ರಿ, ಚ್ಯಾಷ್ಟಿ.”

“ಮೊದಲ ಹಲ್ಲು ಬರ್ಲಿ ಅದಕ್ಕ. ಲಗ್ನದ್ದು ಆಮ್ಯಾಲ ನೋಡೂಣು” ಎಂದೆ. ಅವರು ಮೂತಿ ತಿರುಗಿಸಿಕೊಂಡು ಹೋದರು. ಆದರೂ ಚಹಾ ನನಗೆ ಎಂದಿನಂತೆ ದೊಡ್ಡ ಕಪ್ಪಿನಲ್ಲೇ ಬಂತು.

ಬಾಣಂತಿಗೆ ಹಾಲು ಕಡಿಮೆಯಾಗಿತ್ತು. ಹಾಲು ಹೆಚ್ಚಲು ನಮ್ಮಲ್ಲಿ ಸಬ್ಬಸಿಗೆ ಸೊಪ್ಪು ಕೊಡುತ್ತೇವೆ, ಇಲ್ಲಿ ಶೇಪು ಅನ್ನುತ್ತಾರೆ. ಖರಾಡಿಯ ಸಂತೆಯಲ್ಲಿ ಎಳೆಯ ಸೊಪ್ಪು ಸಿಕ್ಕಿತು. ಹೆಸರುಬೇಳೆ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿದೆ. ಸೊಸೆಗೆ ಮೊದಲು ಆ ವಾಸನೆಯೇ ಆಗುತ್ತಿರಲಿಲ್ಲ. ಅವತ್ತು ಎರಡು ಸಲ ಹಾಕಿಸಿಕೊಂಡು ತಿಂದಳು.

ಮಾರನೆಯ ದಿನ ನಾನು ಹೋಗುವ ಹೊತ್ತಿಗೆ ಕೂಸು ಬೆಳಗಿನಿಂದಲೇ ಕಿರಿಕಿರಿ ಮಾಡುತ್ತಿದೆ ಎಂದರು. ಎರೆದರೆ ಸುಮ್ಮನಾದೀತು ಅಂದುಕೊಂಡೆ. ಎರೆದೆ. ಬಟ್ಟೆ ಹಾಸಿದರೂ ಅವಳು ಸೂರು ನೋಡಲಿಲ್ಲ. ತಾಯಿ ಹಾಲು ಕುಡಿಸಿ ತೇಗು ಬರಿಸಲು ನನ್ನ ಕೈಗೆ ಕೊಟ್ಟಳು. ಬಲ ಹೆಗಲಿಗೆ ಹಾಕಿಕೊಂಡೆ. ತೇಗಿನ ಬದಲು ಬಿಸಿಯಾಗಿ ಏನೋ ಬೆನ್ನ ಮೇಲೆ ಇಳಿಯಿತು. ಸೆರಗು ಮುಂದೆ ತಂದು ನೋಡಿದೆ. ಹಸಿರು.

ಬಾಗಿಲಲ್ಲಿದ್ದ ಅತ್ತೆ ತಕ್ಷಣ ಹೇಳಿದರು. “ನಿನ್ನಿ ಸಬ್ಬಸಗಿ ಜಾಸ್ತಿ ಆತು. ಹಾಲಿನ್ಯಾಗ ಇಳದೇತಿ.”

“ಹೌದ್ರಿ, ಎಳೀ ಸೊಪ್ಪು, ನಾನೂ ಕೈ ತುಂಬ ಹಾಕಿದ್ದೆ” ಎಂದೆ.

“ಸೊಪ್ಪಿಂದೇ ಅಲ್ವಾ ಅಜ್ಜಿ? ಸೊಪ್ಪಿಂದೇ ಇರುತ್ತೆ ಅಲ್ವಾ?” ಸೊಸೆ ನನ್ನ ಮುಖವನ್ನೇ ನೋಡಿದಳು.

ಬಾಣಂತಿ ಸಬ್ಬಸಿಗೆ ತಿಂದರೆ ಕೂಸು ಹಸಿರು ಹೋಗುತ್ತದೆ ಎನ್ನುವುದು ನಮ್ಮ ಮನೆಗಳಲ್ಲಿ ಎಲ್ಲ ಹೆಂಗಸರ ಮಾತು. ನಾನೇ ಎಷ್ಟು ಬಾಣಂತಿಯರಿಗೆ ಹೇಳಿದ್ದೇನೆ. ಮೂವರೂ ಒಂದೇ ಉಸಿರಿನಲ್ಲಿ ಸೊಪ್ಪನ್ನು ಹಿಡಿದುಕೊಂಡೆವು. ಎಷ್ಟು ಸಮಾಧಾನವಾಯಿತೆಂದರೆ, ಅತ್ತೆ ಸೆರಗು ಒರೆಸಲು ಒದ್ದೆ ಬಟ್ಟೆ ತಂದರು, ಸೊಸೆ ಮಂಚಕ್ಕೆ ಒರಗಿದಳು.

ಕೂಸನ್ನು ಹಾಸಿಗೆಯ ಮೇಲೆ ಹಾಕಿದೆ. ಮೊಣಕಾಲು ಎರಡೂ ಮೇಲೆಳೆದುಕೊಂಡು ಚೀರಿತು. ಗಾಳಿ, ಅಂದುಕೊಂಡೆ. ಕೈ ಹೊಟ್ಟೆಯ ಕಡೆ ಇಳಿಯಿತು. ಅವಳ ಹೊಟ್ಟೆಯ ಮೇಲೆ ಆಗ ಆ ಧೋತರದ ಬಟ್ಟೆ ಇರಲಿಲ್ಲ. ಆದರೂ ಬಟ್ಟೆ ಇದ್ದಲ್ಲಿಗೇ ಬಂದು ಕೈ ನಿಂತಿತು, ಹೊಟ್ಟೆಗೆ ತಾಗದೆ, ಗಾಳಿಯಲ್ಲಿ. ಅಷ್ಟು ದಿನ ಕಲಿಸಿದ್ದಕ್ಕೆ.

ನಿಂತ ಕೈ ನೋಡುತ್ತ ನನಗೆ ಒಂದು ವಿಚಾರ ಬಂತು. ಸಬ್ಬಸಿಗೆಯ ಹಸಿರು ನಾನು ಲಂಗೋಟಿಯಲ್ಲಿ ನೋಡಿದ್ದೇನೆ. ಬಾಯಿಂದ ಬಂದದ್ದು ಯಾವ ಮನೆಯಲ್ಲಿ ನೋಡಿದ್ದೇನೆ? ಈಗ ತಾನೆ ಕುಡಿದ ಹಾಲು ಇದರಲ್ಲಿ ಯಾಕೆ ಬೆಳ್ಳಗೆ ಕಾಣುತ್ತಿಲ್ಲ? ಸೆರಗು ಮೂಸಿದೆ. ಹಾಲಿನ ವಾಸನೆ ಇರಲಿಲ್ಲ, ಸೊಪ್ಪಿನದೂ ಇರಲಿಲ್ಲ.

“ಏಳು. ದವಾಖಾನಿಗೆ ಹೋಗೂಣು” ಎಂದೆ ಸೊಸೆಗೆ.

“ಈಗ ತಾನೆ ಸೊಪ್ಪು ಅಂದ್ರಲ್ಲ ಅಜ್ಜಿ?”

“ಅಂದೆ. ಈಗ ಅಲ್ಲ ಅನ್ನಾಕತ್ತೀನಿ. ಏಳು.”

ಅತ್ತೆ ಅಡ್ಡ ನಿಂತರು. “ಮಗಗ ಫೋನ್ ಮಾಡೂಣು, ಅಂವ ಬರ್ಲಿ.”

“ಅಂವ ಹಿಂಜವಾಡಿಂದ ಬರೂದರಾಗ ಮಧ್ಯಾಹ್ನ ಆಗ್ತದ. ಅಲ್ಲಿಂದ ಸೀದಾ ದವಾಖಾನಿಗೆ ಬಾ ಅನ್ರಿ.”

“ಇವತ್ತ ಅಮಾಸಿ ಅದರೀ! ಹಸಿಗೂಸು ಹೊಸ್ತಿಲಾ ದಾಟಸಬಾರದು.”

“ಅಮಾಸಿಗೆ ದವಾಖಾನಿಯವರು ಬಾಗಲಾ ಹಾಕೂದಿಲ್ಲ” ಎಂದು ಕೂಸನ್ನು ಎತ್ತಿಕೊಂಡೆ. ಅಮಾವಾಸ್ಯೆಗಲ್ಲ ಅತ್ತೆ ಹೆದರಿದ್ದು. ಹೊಸ್ತಿಲು ದಾಟಿದರೆ ಸೊಪ್ಪಿನ ಮಾತು ಸುಳ್ಳಾಗುತ್ತದೆ, ಅದಕ್ಕೆ. ನನಗೂ ಅದೇ ಹೆದರಿಕೆ ಇತ್ತು. ಆದರೆ ಹೆದರಿಕೊಂಡೇ ಚಪ್ಪಲಿ ಮೆಟ್ಟಬಹುದು.

“ಏನೂ ಇಲ್ಲ ಅಂತ ವಾಪಸ್ ಕಳಿಸಿದ್ರೆ?” ಎಂದಳು ಸೊಸೆ, ಫೋನಿನಲ್ಲಿ ಗಾಡಿ ಕರೆಯುತ್ತ.

“ಕಳಿಸಿದ್ರ ಅಲ್ಲೇ ಕ್ಯಾಂಟೀನಿನ್ಯಾಗ ಚಾ ಕುಡದು ಬರೂಣು.”

ಗಾಡಿಯಲ್ಲಿ ಕೂಸು ಮತ್ತೊಮ್ಮೆ ಹಸಿರು ಕಾರಿತು. ಯಾರೂ ಸೊಪ್ಪಿನ ಮಾತು ಎತ್ತಲಿಲ್ಲ. ಆಮೇಲೆ ಅದು ತಾಯಿಯ ಎದೆಯ ಕಡೆ ಮುಖ ಒತ್ತಿ ಹಾಲು ಹುಡುಕತೊಡಗಿತು. ಸೊಸೆಯ ರವಿಕೆ ಒದ್ದೆಯಾಗಿತ್ತು. “ಒಂದು ಗುಟುಕು ಅಜ್ಜಿ, ಪ್ಲೀಸ್.” “ಇಲ್ಲ.” “ಅಳ್ತಿದಾಳೆ.” “ಅಳ್ಲಿ. ಡಾಕ್ಟರ್ ಬ್ಯಾಡ ಅಂದಾರ.” ಅವಳು ನನ್ನನ್ನು ಶತ್ರುವಿನ ಹಾಗೆ ನೋಡಿದಳು. ಕೂಸನ್ನು ನಾನೇ ಇಸಿದುಕೊಂಡು, ಹಾಲಿನ ವಾಸನೆ ತಾಗದ ಹಾಗೆ ಮುಖವನ್ನು ನನ್ನ ಭುಜದ ಕಡೆ ತಿರುಗಿಸಿಕೊಂಡೆ. ದಾರಿಯುದ್ದಕ್ಕೂ ಅದರ ಬಲಗಡೆಯ ಗುಬ್ಬಿ ನನ್ನ ಎದೆಗೆ ಬಡಿಯುತ್ತಿತ್ತು. ಬಡಿಯುವವರೆಗೆ ಸರಿ ಎಂದು ಕೂತೆ.

ಆಸ್ಪತ್ರೆಯಲ್ಲಿ ಸೆರಗು ತೋರಿಸಿದೆ, ಬೇರೆ ಏನೂ ಹೇಳಬೇಕಾಗಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು, ಸ್ಕ್ಯಾನ್ ಮಾಡಿದರು. ಆ ಡಾಕ್ಟರಮ್ಮ ಬಂದು ನೋಡಿ, “ಸುತ್ತಿಕೊಂಡಿದೆ, ಈಗಲೇ ಒಳಗೆ ತೆಗೆದುಕೊಂಡು ಹೋಗುತ್ತೇವೆ” ಎಂದು ಮರಾಠಿಯಲ್ಲಿ ಹೇಳಿ, ಸಹಿ ಮಾಡಿಸಿಕೊಂಡು ನಡೆದುಬಿಟ್ಟರು.

ಹೊರಗೆ ಬೆಂಚಿನ ಮೇಲೆ ಕೂತೆವು. ನನಗೆ ಸಮಾಧಾನದ ಮಾತು ಹೇಳಲು ಬರುವುದಿಲ್ಲ, ಅದಕ್ಕೆ ಸೊಸೆಯ ಕಾಲು ನನ್ನ ತೊಡೆಯ ಮೇಲೆ ಎಳೆದುಕೊಂಡು ಒತ್ತುತ್ತ ಕೂತೆ. ಬಾಣಂತಿ ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂಡಬಾರದು. ಕೆಳಗೆ ನೋಡಿದರೆ ಅತ್ತೆಯ ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಮಗನ ಚಪ್ಪಲಿ.

“ಕಾಲಾಗ ಏನ್ರಿ ಅದು?” ಎಂದೆ.

ಅವರು ನೋಡಿಕೊಂಡರು. “ನೋಡ್ರಿ, ಒಳಗಿಂದ ಹೊರಗ ಎಲ್ಲಾ ನಮ್ಮ ಮನೀದು ಹಿಂದ್ಮುಂದನ” ಎಂದರು. ಸೊಸೆ ನಕ್ಕಳು, ನಗುತ್ತಲೇ ಅತ್ತಳು. ಅತ್ತೆ ಅವಳ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು. ಮಗ ಓಡುತ್ತ ಬಂದಾಗ ಮೂವರೂ ಹಾಗೇ ಕೂತಿದ್ದೆವು.

ಡಾಕ್ಟರಮ್ಮ ಹೊರಗೆ ಬಂದು ಮೊದಲು ತಲೆಯ ಟೋಪಿ ತೆಗೆದರು. ಕರುಳು ನೀಲಿಗಟ್ಟಿತ್ತಂತೆ. ಸುತ್ತು ಬಿಚ್ಚಿ, ಬೆಚ್ಚಗಿನ ಒದ್ದೆ ಬಟ್ಟೆ ಹೊದಿಸಿ ಕಾದರಂತೆ. ಕಾಯುತ್ತ ಕಾಯುತ್ತ ಗುಲಾಬಿ ಬಣ್ಣಕ್ಕೆ ತಿರುಗಿತು, ಏನನ್ನೂ ಕತ್ತರಿಸಿ ತೆಗೆಯಬೇಕಾಗಲಿಲ್ಲ ಎಂದರು. ಬೆಚ್ಚಗಿನ ಬಟ್ಟೆ ಅಂದಾಗ ನನಗೆ ನನ್ನ ಧೋತರದ ತುಂಡು ನೆನಪಾಯಿತು.

“ಈಗ ಎಲ್ಲಾ ಸರಿ ಜಾಗಾದಾಗ ಇಟ್ರೇನು?” ಎಂದು ಅತ್ತೆ ಕನ್ನಡದಲ್ಲೇ ಕೇಳಿಬಿಟ್ಟರು. ಮಗ ಮರಾಠಿಯಲ್ಲಿ ಹೇಳಿದ.

ಇಲ್ಲ ಎಂದರು ಡಾಕ್ಟರು. ಎಲ್ಲರ ಹಾಗೆ ಇಡಲು ಬರುವುದಿಲ್ಲ, ಇಡಬೇಕಾಗಿಯೂ ಇಲ್ಲ. ಚಿಮಟಿಗಳನ್ನು ದೂರ ದೂರ ಮಾಡಿದ್ದೇವೆ, ಸಣ್ಣ ಕರುಳು ಒಂದು ಬದಿಗೆ, ದೊಡ್ಡದು ಇನ್ನೊಂದು ಬದಿಗೆ. ಮತ್ತೆ ಸುತ್ತಿಕೊಳ್ಳುವ ಭಯ ಬಹಳ ಕಡಿಮೆ. ಅಪೆಂಡಿಕ್ಸ್ ತೆಗೆದುಬಿಟ್ಟಿದ್ದೇವೆ, ಬಿಟ್ಟಿದ್ದರೆ ನಾಳೆ ಅದು ನೋಯತೊಡಗಿದಾಗ ಯಾವ ಡಾಕ್ಟರೂ ಅದು ಇರುವ ಜಾಗದಲ್ಲಿ ಹುಡುಕುತ್ತಿರಲಿಲ್ಲ. ಇವಳ ವಿಷಯ ಮುಚ್ಚಿಡಬೇಡಿ, ಎಲ್ಲಿ ಹೋದರೂ ಮೊದಲು ಹೇಳಿ ಎಂದರು.

ಅತ್ತೆ ಆ ಕೊನೆಯ ಮಾತನ್ನು ಕೇಳಿಸಿಕೊಂಡರು. ಕೂಸು ಮನೆಗೆ ಬಂದ ಮೇಲೆ ನೆಂಟರು ನೋಡಲು ಬಂದಾಗ ತಾವೇ ಅವರ ಕೈ ಹಿಡಿದು ಕೂಸಿನ ಬಲ ಎದೆಯ ಮೇಲೆ ಇಡುತ್ತಿದ್ದರು. “ಇಲ್ಲಿ ನೋಡ್ರಿ, ಇಲ್ಲಿ. ನಮ್ಮಾಕಿದು ಈ ಕಡೆ.” ಬಂಗಾರದ ಹೊಸ ಬೋರಮಾಳ ಸರ ತೋರಿಸುವವರ ಹಾಗೆ.

ಗಾಯ ಮಾಗಿ, ಡಾಕ್ಟರು ಒಪ್ಪಿದ ಮೇಲೆ ಮತ್ತೆ ಎರೆಯಲು ಕೂತೆ. ಹೊಟ್ಟೆಯ ಮೇಲೆ ಅಡ್ಡಗೆರೆ, ಚೀಲ ಹೊಲಿದ ಹಾಗೆ. ಕೂಸು ಸೊರಗಿತ್ತು, ತೊಡೆಯ ಮಡಿಕೆಗಳು ಹೋಗಿದ್ದವು. ಕಾಲಿನ ಮೇಲೆ ಮಲಗಿಸಿ ಬೆಚ್ಚಗಿನ ಬಟ್ಟೆ ಹಾಸಿದೆ. ಬಾಯಿ ಬಿಟ್ಟುಕೊಂಡು ಸೂರು ನೋಡಿತು. “ಗುರುತು ಸಿಕ್ತೇನ, ಹಲ್ಕಟ್ಟಿ?” ಎಂದೆ. ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದಳು.

ಸೊಸೆಗೆ ಮತ್ತೆ ಹಾಲು ಬರಬೇಕಿತ್ತು. ಸಬ್ಬಸಿಗೆ ತಂದೆ. ಕಟ್ಟು ನೋಡಿದ ಕೂಡಲೆ ಅತ್ತೆ ಸೊಸೆ ಇಬ್ಬರೂ ಹಿಂದೆ ಸರಿದರು. “ಸೊಪ್ಪಿಂದೇನ್ ತಪ್ಪು? ನಾವ ಅದರ ಮ್ಯಾಲ ಹಾಕಿದಿವಿ” ಎಂದು ಪಲ್ಯ ಮಾಡಿಟ್ಟು ಮನೆಗೆ ಬಂದೆ.

ಮಾರನೆಯ ದಿನ ನಾನು ಎರೆದು, ಅಡುಗೆ ಮುಗಿಸಿ, ಕಾತ್ರಜದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಾಗ ಫೋನು ಬಂತು. ಸೊಸೆ.

“ಅಜ್ಜೀ, ಹಸಿರು!”

ಸೀಟಿನ ಕಂಬಿ ಹಿಡಿದು ಎದ್ದು ನಿಂತೆ. “ಮ್ಯಾಲಿಂದೋ, ಕೆಳಗಿಂದೋ?”

ಆ ಕಡೆ ಲಂಗೋಟಿ ಬಿಚ್ಚುವ ಸದ್ದು, ಅತ್ತೆಯ “ತೋರ್ಸ ಇಲ್ಲೆ, ಕಣ್ಣಿಗೆ ಚಾಳಿಸ ತಾ” ಎನ್ನುವ ಧ್ವನಿ, ಕೂಸಿನ ಕೇಕೆ.

“ಕೆಳಗಿಂದ ಅಜ್ಜಿ. ಬರೀ ಕೆಳಗಿಂದ. ಆಟ ಆಡ್ತಿದಾಳೆ.”

“ಹಂಗಾರ ಅದು ನನ್ನ ಸಬ್ಬಸಗಿ” ಎಂದು ಕೂತೆ. “ತೊಳದು ಹಾಕು, ಕೈ ತೊಳಕೊ, ಉಳದದ್ದು ಪಲ್ಯಾ ತಿನ್ನು.”